ಇಲ್ಲದ ಚೂರು

"ಅಕ್ಕಾ, ಮಗ ಹೇಗಿದ್ದಾನೆ?" ಎಂದು ಅಳತೆ ಕೊಡಲು ಬಂದವರು ಕೇಳಿದಾಗಲೆಲ್ಲ ಟೈಲರಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಒಂದೇ ಉತ್ತರ ಕೊಡುತ್ತಿದ್ದಳು. "ತಲೇಲಿ ಗುಂಡಿನ ಚೂರು ಉಳ್ಕೊಂಡಿದೆ. ಅದನ್ನ ಮುಟ್ಟೋ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು." ಕೇಳಿದವರು ಲೊಚಗುಟ್ಟಿ, ವೀರನನ್ನು ಹೆತ್ತವಳು ನೀನು ಎಂದು ಅವಳ ಕೈ ಒತ್ತಿ ಹೋಗುತ್ತಿದ್ದರು.

ಅಂಥ ಚೂರು ಇರಲೇ ಇಲ್ಲ. ಗಡಿಯಲ್ಲಿ ಕಾದಾಡಿ ಸೈನ್ಯದಿಂದ ಮರಳಿದ ಮಗನ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಆದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದನೆಂದರೆ ಊಟಕ್ಕೂ ಏಳುತ್ತಿರಲಿಲ್ಲ. ಹೊರಗೆ ಯಾರಾದರೂ ಷಟರ್ ಎಳೆದರೆ ಮಂಚದ ಕೆಳಗೆ ನುಸುಳುತ್ತಿದ್ದ. ಹುಚ್ಚು ಎಂಬ ಮಾತು ಬೀದಿಯಲ್ಲಿ ಹುಟ್ಟುವ ಮೊದಲೇ ಅವಳು ಈ ಚೂರನ್ನು ಹುಟ್ಟಿಸಿದ್ದಳು. ಗಾಯಕ್ಕಾದರೆ ಮರ್ಯಾದೆ ಉಂಟು, ಮನಸ್ಸಿನ ಕಾಯಿಲೆಗೆ ಎಲ್ಲಿಯ ಮರ್ಯಾದೆ? ಹೆತ್ತ ಕರುಳು, ಪಾಪ, ಅದಕ್ಕೆ ತೋಚಿದ್ದು ಅಷ್ಟೆ.

ಕಳೆದ ತಿಂಗಳು ಮಹಡಿಯ ಅಂಚಿನಲ್ಲಿ ನಿಂತಿದ್ದವನನ್ನು ಅವಳು ಅಂಗಿ ಹಿಡಿದು ಹಿಂದಕ್ಕೆಳೆದಳು. "ಸುಸ್ತಾಗಿದೆ ಅಮ್ಮ," ಎಂದಷ್ಟೇ ಅಂದ. ಅಂದಿನಿಂದ ಅವಳು ಬಾಗಿಲಿಗೆ ಅಡ್ಡಲಾಗಿ ಮಲಗತೊಡಗಿದಳು. ಅಷ್ಟರಲ್ಲಿ ಅವನ ಜೊತೆಗಿದ್ದ ಸೈನಿಕನೊಬ್ಬ ಫೋನ್ ಮಾಡಿದ. ತಲೆಗೆ ಅಯಸ್ಕಾಂತದ ಮಿಡಿತ ಕೊಡುವ ಚಿಕಿತ್ಸೆಯೊಂದಿದೆ, ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ, ತನಗೆ ಅದರಿಂದ ಬದುಕುವ ಮನಸ್ಸು ಬಂತು ಎಂದ. ಮಾತ್ರೆಗಳೆಲ್ಲ ಸೋತಿದ್ದವು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. "ಇದೊಂದು ಸಲ ಬರ್ತೀನಿ. ಇನ್ನೊಂದು ಸಲ ಕರೀಬೇಡ," ಎಂದು ಮಗ ಒಪ್ಪಿದ.

ಹೊರಡುವಾಗ ಎದುರಿನ ಹಾಲಿನಂಗಡಿಯವಳು ತಾನೂ ಜೊತೆಗೆ ಬರುತ್ತೇನೆಂದಳು. ಒಳ್ಳೆಯ ಹೆಂಗಸೇ. ಆದರೆ ಬೀದಿಯವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವಳ ಕಿವಿಗೆ ಬಿದ್ದ ಸುದ್ದಿ ಹಾಲು ಉಕ್ಕುವಷ್ಟರಲ್ಲಿ ಬೀದಿಯ ಆ ತುದಿ ಮುಟ್ಟುತ್ತಿತ್ತು. ಮಗನನ್ನು ಬಸ್ಸಿನಲ್ಲಿ ಒಬ್ಬಳೇ ಕರೆದೊಯ್ಯುವ ಧೈರ್ಯವಿಲ್ಲದೆ ಟೈಲರಮ್ಮ ಬೇಡವೆನ್ನಲಿಲ್ಲ. ತಲೆ ನೋಡುವ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದಳು.

ಆಸ್ಪತ್ರೆಯ ಕೋಣೆಯಲ್ಲಿ ಒಂದು ಒರಗು ಕುರ್ಚಿ, ಅದರ ಪಕ್ಕದಲ್ಲಿ ಜೋಡಿ ಬಳೆಯಂಥ ಕಪ್ಪು ಸುರುಳಿ ಹೊತ್ತ ಯಂತ್ರ. ಡಾಕ್ಟರಮ್ಮ ಮಗನನ್ನೇ ನೋಡುತ್ತಾ ಕೇಳಿದರು. "ತಲೆ ಒಳಗೆ ಏನಾದ್ರೂ ಲೋಹ ಇದೆಯಾ? ಇದ್ರೆ ಅಪಾಯ, ಈ ಚಿಕಿತ್ಸೆ ಕೊಡೋ ಹಾಗಿಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ರೇಡಿಯೋ ಮುಂದೆ ಬಂದಳು. "ಅಯ್ಯೋ, ಇದೆ ಡಾಕ್ಟ್ರೇ! ಗುಂಡಿನ ಚೂರು. ಇವನು ಬಾಯ್ಬಿಟ್ಟು ಹೇಳಲ್ಲ, ಪಾಪ. ಹೌದಲ್ವಾ ಅಕ್ಕಾ?"

ಟೈಲರಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮಗ ಅವಳ ಮುಖ ನೋಡಿದ, ಆಮೇಲೆ ತಲೆ ತಗ್ಗಿಸಿ, "ಹೌದು, ಇದೆ," ಎಂದ. ತಾಯಿಯ ಮಾನ ಉಳಿಸಲು ಅವನು ತನ್ನ ಕೊನೆಯ ಆಸೆಯನ್ನು ಬಿಟ್ಟುಕೊಡುತ್ತಿದ್ದ.

"ಹಾಗಾದ್ರೆ ಮೊದಲು ಎಕ್ಸ್-ರೇ ತೆಗೆದು..." ಎಂದು ಡಾಕ್ಟರಮ್ಮ ಶುರು ಮಾಡುವ ಹೊತ್ತಿಗೆ ಅವನು ಎದ್ದು ನಿಂತಿದ್ದ. "ಬೇಡ ಬಿಡಿ. ನಡಿ ಅಮ್ಮ, ಮನೆಗೆ ಹೋಗೋಣ."

ಆ ದನಿ ಅವಳಿಗೆ ಗೊತ್ತಿತ್ತು. ಮಹಡಿಯ ಅಂಚಿನಲ್ಲಿ ಕೇಳಿದ್ದು ಅದನ್ನೇ. ಈಗ ಮನೆಗೆ ಹೋದರೆ ಇವನು ತನಗೆ ದಕ್ಕುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

"ಚೂರಿಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಮತ್ತೆ ಜೋರಾಗಿ ಹೇಳಿದಳು. "ಯಾವ ಚೂರೂ ಇಲ್ಲ ಡಾಕ್ಟ್ರೇ. ಅದು ನಾನು ಕಟ್ಟಿದ ಸುಳ್ಳು. ನನ್ನ ಮಗನಿಗೆ ಮನಸ್ಸಿನ ಕಾಯಿಲೆ. ಸಾಯೋಕೆ ಹೊರಟಿದ್ದ. ಜನ ಆಡ್ಕೋತಾರೆ ಅಂತ ಮುಚ್ಚಿಟ್ಟೆ." ಆಮೇಲೆ ರೇಡಿಯೋ ಕಡೆ ತಿರುಗಿದಳು. "ಹೋಗು, ಹೇಳು. ಒಬ್ಬರನ್ನೂ ಬಿಡಬೇಡ, ಬೀದಿಗೆಲ್ಲ ಹೇಳು. ನನಗೆ ಮಗ ಉಳಿದ್ರೆ ಸಾಕು."

ರೇಡಿಯೋ ಬಾಯಿ ಅಂದು ಮೊದಲ ಸಲ ಕಟ್ಟಿತು. ಟೈಲರಮ್ಮನ ಕೈಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡು ಕುಳಿತಳು.

ಮಗ ಮತ್ತೆ ಬಂದು ಕುಳಿತ. "ಎಷ್ಟೋ ಸಲ ನಾನೇ ತಲೆ ತಡವಿ ನೋಡ್ಕೊಂಡಿದ್ದೀನಿ ಅಮ್ಮ. ನಿಜವಾಗ್ಲೂ ಒಂದು ಚೂರು ಇರಬಾರದಾ ಅಂತ. ಇದ್ದಿದ್ರೆ ನಾನು ಹೇಡಿ ಅಲ್ಲ ಅಂತಾದ್ರೂ ಆಗ್ತಿತ್ತು." ಮಾತು ಮುಗಿಯುವ ಮೊದಲೇ ಅವನಿಗೆ ಅಳು ಒತ್ತರಿಸಿ ಬಂತು. ತಾನು ಮುಚ್ಚಿಟ್ಟದ್ದು ಮಗನಿಗೆ ಎಷ್ಟು ಭಾರವಾಗಿತ್ತೆಂದು ತಿಳಿದು ಅವಳೂ ಅತ್ತಳು.

"ಹೇಡಿ ಅಂದವರು ಯಾರು? ಇದೂ ಯುದ್ಧದ ಪೆಟ್ಟೇ," ಎಂದರು ಡಾಕ್ಟರಮ್ಮ. "ಎಕ್ಸ್-ರೇ ಈಗಲೇ ತೆಗೆದು ಖಚಿತ ಮಾಡ್ಕೊಳ್ಳೋಣ. ಆದ್ರೆ ಗ್ಯಾರಂಟಿ ಕೊಡಲ್ಲ. ಕೆಲವರಿಗೆ ಹಗುರ ಆಗತ್ತೆ, ಕೆಲವರಿಗೆ ಆಗಲ್ಲ. ವಾರಗಟ್ಟಲೆ ದಿನಾ ಬರಬೇಕು. ಸಾಯೋ ಯೋಚನೆ ಬಂದ್ರೆ ನನ್ನ ಹತ್ರ ಮುಚ್ಚಿಡಬಾರದು."

ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ಯಂತ್ರ ಟಕಟಕ ಎಂದಾಗ ಅವನು ಬೆಚ್ಚಿ ಕುರ್ಚಿಯ ತೋಳು ಹಿಡಿದುಕೊಂಡ. ಡಾಕ್ಟರಮ್ಮ ತಕ್ಷಣ ನಿಲ್ಲಿಸಿ, "ಸಾಕಾ?" ಎಂದರು. ಅವನು ನಾಲ್ಕಾರು ಸಲ ಉಸಿರೆಳೆದುಕೊಂಡು, ಮುಂದುವರಿಸಿ ಎಂದು ಸನ್ನೆ ಮಾಡಿದ. ಎದ್ದಾಗ ಅವನ ಮುಖದ ಮಂಕು ಹಾಗೆಯೇ ಇತ್ತು.

ಬಸ್ಸಿಳಿದು ಬೀದಿಗೆ ಬಂದಾಗ ಕ್ಷೌರದಂಗಡಿಯವನು ಬಾಗಿಲಲ್ಲೇ ನಿಂತಿದ್ದ. "ಏನಕ್ಕಾ, ಚೂರು ತೆಗೆದ್ರಾ?"

ಟೈಲರಮ್ಮ ರೇಡಿಯೋ ಮುಖ ನೋಡಿದಳು. "ನನ್ನ ಕೇಳಬೇಡಪ್ಪ, ನನಗೇನೂ ಗೊತ್ತಿಲ್ಲ," ಎಂದಳು ರೇಡಿಯೋ.

ಸೈನ್ಯದಿಂದ ಮರಳಿದ ಮೇಲೆ ಬೀದಿಯಲ್ಲಿ ಯಾರೊಂದಿಗೂ ಮಾತಾಡದಿದ್ದ ಮಗ ಅಲ್ಲೇ ನಿಂತ.

"ಚೂರು ಇರಲೇ ಇಲ್ಲಣ್ಣ. ನನಗೆ ಮನಸ್ಸಿನ ಕಾಯಿಲೆ. ನಾಳೆ ಮತ್ತೆ ಹೋಗ್ಬೇಕು."