ಬಗ್ಗಿದ ಬುಟ್ಟಿ

ಮಂಜಿನೊಳಗಿಂದ ಮೊದಲು ಬಂದದ್ದು ಕೆಮ್ಮು, ಆಮೇಲೆ ಬುಟ್ಟಿ, ನಿದ್ದೆಯಲ್ಲೂ ಮಲರ್‌ಗೆ ಗುರುತಾಗುವ ಕೆಮ್ಮು, ದೊಡ್ಡಮ್ಮನದೇ, ನಿಲ್ಲಿಸಬೇಡ ಮಾರಾಯ, ನಿಲ್ಲಿಸಬೇಡ — ವ್ಯಾನು ನಿಂತೇಬಿಟ್ಟಿತು, ಸೀದಾ ನುವರ ಎಲಿಯದ ಕೆರೆಗೆ ಎಂದಿದ್ದ ಡ್ರೈವರ್ ಈ ಅಡ್ಡದಾರಿ ಯಾಕೆ ಹಿಡಿದ, ಮಾಮಿಗೆ ಚಹಾ ಎಲೆ ಕೀಳುವವರ ಜೊತೆ ಫೋಟೊ ಬೇಕಂತೆ, ಮಾಮಿ ಎಂದರೆ ನಿರೂಪನ್‌ನ ತಾಯಿ, ಮದುವೆಯಾದರೆ ಅತ್ತೆ, ತೋಟದ ಕೂಲಿ ಜನರ ಜೊತೆ ನಮ್ಮಲ್ಲಿ ಸಂಬಂಧ ಬೆಳೆಸೋದಿಲ್ಲಮ್ಮ ಎಂದು ಕೊಲಂಬೊದ ಮನೆಯಲ್ಲಿ ಪಾಯಸ ಬಡಿಸುತ್ತ ಹೇಳಿದ್ದವರು, ಆ ಪಾಯಸ ಗಂಟಲಿಳಿಯುವ ಮೊದಲೇ ಮಲರ್ ತಾನು ಕ್ಯಾಂಡಿ ಪೇಟೆಯ ಹಾಸ್ಟೆಲಿನ ಅನಾಥೆ ಎಂದಿದ್ದಳು, ಅರ್ಧ ನಿಜ, ಹೆತ್ತವರಿಲ್ಲ, ಸಾಕಿದವಳು ಮಾತ್ರ ಇಗೋ, ಸೊಂಟಕ್ಕೆ ಗೋಣಿ, ನೆತ್ತಿಗೆ ಬೆನ್ನಿನ ಬುಟ್ಟಿಯ ಹಗ್ಗ, ಮಲರ್‌ಳನ್ನು ನೋಡಿದಳು, ಇಲ್ಲ, ನೋಡಲಿಲ್ಲ — ಏನಜ್ಜಿ, ನಮ್ ಸೊಸೆ ಜೊತೆ ಒಂದ್ ಫೋಟೊಗೆ ನಿಂತ್ಕೋತೀಯಾ, ಎಂದರು ಮಾಮಿ, ಅದಕ್ಕೇನು ದೊರೆಸಾನಿ, ಮುಖ ತೊಳೆಯೋ ಕೆಲಸಾನೂ ಮಂಜೇ ಮುಗಿಸೈತೆ, ಎಂದಳು ದೊಡ್ಡಮ್ಮ, ಕೀಳುವ ಹೆಂಗಸರೆಲ್ಲ ನಕ್ಕರು, ಚಿಕ್ಕ ದೊರೆಸಾನಿ, ಕಾಲು ನೋಡ್ಕಳಿ, ಜಿಗಣೆ ಹತ್ತೀತು, ಎಂದಳು ಮಲರ್‌ಗೆ — ದೊರೆಸಾನಿ! ಕತ್ತೆಮುಂಡೇದೇ ಎಂದೇ ಕರೆದು ಬೆಳೆಸಿದ ಬಾಯಿ, ರಜೆಯಲ್ಲಿ ಮಲರ್ ಮುಂದೆ ಮುಂದೆ ನಡೆಯುತ್ತ ಪುಟ್ಟ ಮುಷ್ಟಿಯ ಚಿಗುರು ಹಿಂದಕ್ಕೆ ಎಸೆದರೆ, ಒಂದೂ ಬೀಳಬಾರದು ಕಣೇ, ಎನ್ನುತ್ತ ಬುಟ್ಟಿ ತಿರುಗಿಸಿ ಹಿಡಿಯುತ್ತಿದ್ದವಳು. ಸುಮ್ನೆ ಕಿತ್ತ ಹಾಗೆ ಮಾಡು, ವಿಡಿಯೊ ತೆಗೀತೀನಿ, ಎಂದ ನಿರೂಪನ್. ತಪ್ಪಾಗಿ ಕೀಳಬೇಕು, ಪೇಟೆಯವರ ಹಾಗೆ, ಒಂದೇ ಕೈಯಲ್ಲಿ, ಬಲಿತ ಎಲೆಯನ್ನೇ ಹರಿದು ಮಲ್ಲಿಗೆಯಂತೆ ಮೂಸಬೇಕು, ಎಡಗೈಯೇ ಸುಮ್ಮನಿರು, ಸುಮ್ಮನಿರು — ಒದ್ದೆ ಚಿಗುರು ಬೆರಳಿಗೆ ತಾಗಿತು, ಎರಡೆಲೆ ಒಂದು ಮೊಗ್ಗು, ಟಿಕ್, ಟಿಕ್, ಮುಷ್ಟಿ ಯಾವಾಗ ತುಂಬಿತು, ಕೈ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ಬಿಚ್ಚಿಕೊಂಡಿತು, ಅವಳ ಬೆನ್ನಿಗೆ ಬುಟ್ಟಿಯೇ ಇರಲಿಲ್ಲ.

ವ್ಯಾನು ಹೊರಟಿತು, ಬಚಾವು, ಒಂದು ತಿರುವು, ಇನ್ನೊಂದು ತಿರುವು, ದೊಡ್ಡಮ್ಮನ ಕೆಮ್ಮು ಹಿಂದಾಯಿತು, ಆ ಕೆಮ್ಮಿಗೆ ಔಷಧಿ ಯಾರು ತರುತ್ತಾರೆ, ಈಗ ಅದಲ್ಲ, ಉಸಿರು ಬಿಡು — ಪಕ್ಕದಲ್ಲಿ ಮಾಮಿ ಮಗನ ಫೋನು ಇಸಿದುಕೊಂಡು, ನೋಡು ಮಗಾ, ಎಷ್ಟು ಲಕ್ಷಣವಾಗಿ ಕೀಳ್ತಾಳೆ, ಎಂದು ನಗುತ್ತಾರೆ, ಆದ್ರೆ ಎಲೆ ಒಂದೂ ನೆಲಕ್ಕೆ ಬಿದ್ದಿಲ್ವಲ್ಲ, ಎಲ್ಲಿ ಹೋಯ್ತು, ಬೆರಳಿನಿಂದ ವಿಡಿಯೊ ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತಾರೆ, ಮಲರ್ ಕೂಡ ನೋಡುತ್ತಾಳೆ, ಪರದೆಯಲ್ಲಿ ಅವಳ ಕೈ ಏಳುತ್ತದೆ, ಪೂರ್ತಿ ಏಳುವ ಮೊದಲೇ ಹಿಂದಿದ್ದ ಮುದುಕಿ ಗಿರಕ್ಕನೆ ಬೆನ್ನು ತಿರುಗಿಸಿ, ಮೊಣಕಾಲು ಮಡಚಿ, ಪುಟ್ಟ ಮಗುವೊಂದರ ಕೈಯೆತ್ತರಕ್ಕೆ ಬುಟ್ಟಿ ಬಗ್ಗಿಸುತ್ತಾಳೆ. ಮಾಮಿಯ ನಗು ನಿಂತಿದೆ. ಬೆರಳು ಮತ್ತೆ ಹಿಂದಕ್ಕೆ ಸರಿಸುತ್ತದೆ, ಕೈ ಏಳುತ್ತದೆ, ಬುಟ್ಟಿ ಬಗ್ಗುತ್ತದೆ, ಮತ್ತೆ, ಕೈ ಇನ್ನೂ ಎದ್ದಿಲ್ಲ, ಬುಟ್ಟಿ ಬಗ್ಗುತ್ತದೆ