ಸೊಳ್ಳೆಯಮ್ಮ

"ಇನ್ನೊಬ್ಬರು ಬೇಕು. ತಿರುವಿನಲ್ಲಿ ಕಾಲು ಜಾರಿದ್ರೆ ನಮ್ಮನ್ನೂ ಇದೇ ಗಾಡೀಲಿ ಹಾಕ್ಕೊಂಡು ಹೋಗಬೇಕಾಗುತ್ತೆ," ಎಂದ ಶವವಾಹನದ ಚಾಲಕ. ಅವನು ಸ್ಟ್ರೆಚರಿನ ತಲೆಯ ಕಡೆ ಹಿಡಿದು ಮೆಟ್ಟಿಲ ನಡುವೆ ನಿಂತಿದ್ದ.

ಕಾಲ ಕಡೆ ಹಿಡಿದಿದ್ದವಳು ಸತ್ತವಳ ತಂಗಿಯ ಮಗಳು. ಪಕ್ಕದಲ್ಲಿ, ಸತ್ತವಳ ಜೊತೆ ಒಂದೇ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದಿದ್ದ ಮುದುಕ ಕಾಂಪೌಂಡರು. ಅವರು ಒಂದು ಕೈಯನ್ನು ಗೋಡೆಗೆ ಊರಿಕೊಂಡಿದ್ದರು. ಮೇಲಂತಸ್ತಿನ ಎರಡು ಕೋಣೆಯ ಮನೆಯಿಂದ ಬೀದಿಗೆ ಹದಿನೆಂಟು ಕಡಿದಾದ ಮೆಟ್ಟಿಲು. ಮನೆಯೊಳಗೆ ಬೇರೆ ಯಾರೂ ಬಂದಿರಲಿಲ್ಲ.

ಮಗಳು ಮೆಟ್ಟಿಲ ಕಿಟಕಿಯಿಂದ ಹೊರಗೆ ನೋಡಿದಳು. ಎದುರು ಸಾಲಿನಲ್ಲಿ ಆರೇಳು ಜನ ನಿಂತಿದ್ದರು. ಗುಂಪಾಗಿ ಅಲ್ಲ. ಒಬ್ಬ ಮುಚ್ಚಿದ ಅಂಗಡಿಯ ಮುಂದೆ, ನರೆಗೂದಲಿನ ಹೆಂಗಸೊಬ್ಬಳು ದೀಪದ ಕಂಬದ ಹತ್ತಿರ, ಮತ್ತೊಬ್ಬ ಪೇಪರು ಬಿಡಿಸಿಕೊಂಡು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಯಾರಾದ್ರೂ ಸ್ವಲ್ಪ ಕೈ ಕೊಡ್ತೀರಾ?" ಎಂದು ಕೂಗಿದಳು.

"ಕೈ ಕೊಡೋದು ಬೇಡಮ್ಮ, ಕೈ ಹಾಕಿ ಅನ್ನಿ," ಎಂದ ಚಾಲಕ.

ಎದುರಿನವರೆಲ್ಲ ತಂತಮ್ಮ ಕಾಲ ಕಡೆ ನೋಡಿಕೊಂಡರು. ಕೊನೆಗೆ ಮುಚ್ಚಿದ ಅಂಗಡಿಯ ಮುಂದಿದ್ದ ದಪ್ಪ ಆಳು ರಸ್ತೆ ದಾಟಿ ಬಂದ. ತೋಳಿಗೆ ಮೈದಾ ಹಿಟ್ಟು ಮೆತ್ತಿತ್ತು, ಬೇಕರಿಯವನಿರಬೇಕು. ಒಂದೂ ಮಾತಿಲ್ಲದೆ ಸ್ಟ್ರೆಚರಿಗೆ ಹೆಗಲು ಕೊಟ್ಟು, ತಿರುವಿನಲ್ಲಿ ಮಗುವನ್ನು ಎತ್ತಿಕೊಂಡವನ ಹಾಗೆ ಜೋಪಾನವಾಗಿ ಇಳಿಸಿದ.

"ನಿಮಗೆ ನಮ್ಮ ದೊಡ್ಡಮ್ಮ ಗೊತ್ತಾ?"

"ಇಲ್ಲಮ್ಮ. ಹೀಗೇ ಈ ಕಡೆ ಹೋಗ್ತಿದ್ದೆ," ಎಂದ. ಅವನ ಕಣ್ಣು ಕೆಂಪಗಿತ್ತು.

ಕೆಳಗೆ ನಿಂತಿದ್ದ ಕಾರಿನಲ್ಲಿ ಅವಳ ತಾಯಿ ಕುಳಿತಿದ್ದಳು. ಸತ್ತವಳ ಒಡಹುಟ್ಟಿದ ತಂಗಿ.

"ಒಂದ್ಸಲ ಮೇಲೆ ಬಂದು ನೋಡಬಾರದಿತ್ತಾ ಅಮ್ಮ?"

"ಇಲ್ಲೇ ಇರ್ತೀನಿ ಅಂದೆನಲ್ಲ."

ಮಗಳು ಬಾಗಿಲು ಜೋರಾಗಿ ಹಾಕಿದಳು. ಅವಳು ದೊಡ್ಡಮ್ಮನನ್ನು ಕಂಡಿದ್ದೇ ನಾಲ್ಕು ಸಲ, ಅದೂ ದೂರದಿಂದ. ಆದರೂ ದೊಡ್ಡಮ್ಮನ ಆಸ್ಪತ್ರೆ ಚೀಟಿಯಲ್ಲಿ 'ಹತ್ತಿರದವರು' ಎಂಬಲ್ಲಿ ಬರೆದಿದ್ದದ್ದು ಅವಳ ಹೆಸರನ್ನು. ಫೋನು ಬಂದದ್ದು ಅವಳಿಗೆ.

*

ಊರು ದೊಡ್ಡಮ್ಮನನ್ನು ಸೊಳ್ಳೆಯಮ್ಮ ಎಂದು ಕರೆಯುತ್ತಿತ್ತು. ಮನೆಮನೆಗೆ ಹೋಗಿ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ಇಣುಕುವವಳು, "ಹುಳ ಆಗಿದೆ, ಚೆಲ್ಲಿ" ಎನ್ನುವವಳು. ಮಕ್ಕಳು ಅವಳ ಹಿಂದೆ ಗುಂಯ್ ಎಂದು ಸದ್ದು ಮಾಡುತ್ತ ಓಡುತ್ತಿದ್ದರು.

ನಿಜವಾಗಿ ಅವಳ ಕೆಲಸವಿದ್ದದ್ದು ಆಸ್ಪತ್ರೆಯ ಹಿಂಬಾಗಿಲಿನ ಹದಿಮೂರನೇ ಕೋಣೆಯಲ್ಲಿ. ಬಾಗಿಲಿಗೆ ಫಲಕವಿರಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಲ್ಲಿಗೆ ಸೇರಿದ ದಿನ ಹಳೆಯ ಡಾಕ್ಟರು ಕೂರಿಸಿಕೊಂಡು ಹೇಳಿದ್ದರು:

"ಇದು ಸಿಫಿಲಿಸ್ ಕಣಮ್ಮ, ಗುಹ್ಯರೋಗ. ಬಸುರಿಗೆ ಬಂದ್ರೆ ಹೊಟ್ಟೇಲಿರೋ ಕೂಸನ್ನೂ ಬಿಡಲ್ಲ. ಒಂದೊಂದು ದೇಶದವರೂ ಇದಕ್ಕೆ ಪಕ್ಕದ ದೇಶದ ಹೆಸರಿಟ್ಟು ಕರೆದರು. ನಮ್ಮದಲ್ಲ, ಅವರದ್ದು ಅಂತ. ಹಿಂದೆ ಪಾದರಸ ಮೈಗೆ ತಿಕ್ಕೋರು. ರೋಗ ಹೋಗೋದಿರಲಿ, ಹಲ್ಲು ಮೊದಲು ಉದುರೋದು. ನಾನು ಓದುವಾಗ ಆರ್ಸೆನಿಕ್ ಸೂಜಿ, ವಾರವಾರ, ವರ್ಷಗಟ್ಟಲೆ. ಅರ್ಧ ಜನ ನಡುವೇನೇ ಓಡಿಹೋಗ್ತಿದ್ರು. ಈಗ ಪೆನಿಸಿಲಿನ್ ಇದೆ, ಮೂರು ಸೂಜೀಲಿ ಮುಗೀತು. ಔಷಧಿ ಸಿಕ್ತು, ರೋಗಿ ಸಿಕ್ತಿಲ್ಲ. ಅದಕ್ಕೇ ನೀನು."

ಒಬ್ಬ ರೋಗಿ ಬಂದರೆ, ಅವನಿಂದ ಯಾರಿಗೆ ತಗುಲಿರಬಹುದು, ಅವನಿಗೆ ಯಾರಿಂದ ಬಂತು ಎಂದು ಕೇಳಿ, ಆ ಹೆಸರುಗಳನ್ನು ಹುಡುಕಿಕೊಂಡು ಹೋಗುವುದು ಅವಳ ಕೆಲಸ. ಮೊದಲ ತಿಂಗಳು ಅವಳು ನೇರವಾಗಿ ಒಂದೇ ಮನೆಗೆ ಹೋಗಿ ಬಂದಳು. ಮರುದಿನವೇ ಆ ಮನೆಯ ಹೆಂಗಸನ್ನು ಬೀದಿಯವರು ನೀರಿನ ನಲ್ಲಿಗೆ ಬಿಟ್ಟುಕೊಳ್ಳಲಿಲ್ಲ. ಆಮೇಲಿಂದ ಅವಳು ಒಂದು ಮನೆಗಾಗಿ ಹನ್ನೆರಡು ಮನೆಯ ಬಾಗಿಲು ತಟ್ಟುವುದನ್ನು ಕಲಿತಳು. ಹನ್ನೊಂದು ಕಡೆ ಸೊಳ್ಳೆ. ಒಂದು ಕಡೆ ಮಾತ್ರ ಕುಡಿಯಲು ನೀರು ಕೇಳಿ ಅಡುಗೆಮನೆಯವರೆಗೆ ಹೋಗಿ, ಮೆಲ್ಲಗೆ ವಿಷಯ ಹೇಳುವಳು. ಚೀಲದಲ್ಲಿ ಸೊಳ್ಳೆಯ ಕರಪತ್ರ ಮೇಲೆ, ನಿರೋಧ್ ಪೊಟ್ಟಣ ಕೆಳಗೆ.

ಸೂಜಿ ಹಾಕಿಸಿಕೊಂಡವರು ಬೀದಿಯಲ್ಲಿ ಸಿಕ್ಕರೆ ತಾನಾಗಿ ಮಾತಾಡಿಸಬಾರದು. ಈ ನಿಯಮ ಅವಳೇ ಮಾಡಿಕೊಂಡದ್ದು. ಮದುವೆಗೆ ಕರೆದರೂ ಹೋಗಬಾರದು. ಅವಳು ಊಟಕ್ಕೆ ಕೂತರೆ ಯಾರಾದರೂ 'ಇವಳಿಗೂ ಈ ಮನೆಗೂ ಏನು ಸಂಬಂಧ' ಎಂದು ಕೇಳಿಯಾರು. ಹೀಗೆ ಊರಿನ ಅರ್ಧ ಮನೆಗಳ ಒಳಗುಟ್ಟು ತಿಳಿದವಳಿಗೆ ಕೂತು ಹರಟಲು ಒಂದು ಮನೆಯೂ ಉಳಿಯಲಿಲ್ಲ. ತಂಗಿಯ ಮನೆಯೊಂದನ್ನು ಬಿಟ್ಟು.

*

ಚಿತಾಗಾರದ ಒಳಬಾಗಿಲು ಮುಚ್ಚಿತು. ಒಂದೂವರೆ ಗಂಟೆ ಕಾಯಬೇಕು ಎಂದು ಗುಮಾಸ್ತ ಹೇಳಿದ. ರಸ್ತೆಯಲ್ಲಿ ನಿಂತಿದ್ದವರಲ್ಲಿ ಐದು ಜನ ಅಲ್ಲಿಗೂ ಬಂದಿದ್ದರು. ಅಂಗಳದ ಮೂಲೆಮೂಲೆಯಲ್ಲಿ ಒಬ್ಬೊಬ್ಬರಾಗಿ ನಿಂತರು.

"ಯಾರು ಸಾರ್ ಇವರೆಲ್ಲ?" ಮಗಳು ಕಾಂಪೌಂಡರನ್ನು ಕೇಳಿದಳು.

"ಗೊತ್ತಿಲ್ಲಮ್ಮ."

"ನಿಮಗೆ ಗೊತ್ತಿದೆ."

"ಗೊತ್ತಿದ್ರೂ ಗೊತ್ತಿಲ್ಲ ಅನ್ನೋದಕ್ಕೇ ನಮಗೆ ಸಂಬಳ ಕೊಡ್ತಿದ್ರು," ಎಂದು ಮುದುಕರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ದೊಡ್ಡಮ್ಮನಿಗೆ ನನಗಿಂತ ಎರಡರಷ್ಟು ಗೊತ್ತಿತ್ತು. ಬಾಯಿ ಬಿಟ್ಟಿದ್ರೆ ಊರೇ ಖಾಲಿಯಾಗ್ತಿತ್ತು."

ತಾಯಿ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಮಗಳು ಹೋಗಿ ಪಕ್ಕದಲ್ಲಿ ಕೂತಳು.

"ಮೂವತ್ತೆಂಟು ವರ್ಷ ಮಾತು ಬಿಡೋವಂಥದ್ದು ಏನು ಮಾಡಿದ್ರಮ್ಮ ಅವರು ನಿನಗೆ?"

*

ತಂಗಿಗೆ ಆಗ ಐದನೆಯ ತಿಂಗಳು. ಹಿಂದಿನ ಎರಡು ಬಸಿರೂ ಏಳನೆಯ ತಿಂಗಳಿಗೆ ಹೋಗಿದ್ದವು. ಎರಡನೆಯದು ಒಂದು ಗಳಿಗೆ ಉಸಿರಾಡಿತ್ತು. ಆ ವಾರ ರೋಗಿಯೊಬ್ಬಳು ಕೊಟ್ಟ ಹೆಸರುಗಳ ಪಟ್ಟಿಯಲ್ಲಿ ತಂಗಿಯ ಗಂಡನ ಹೆಸರಿತ್ತು.

ಅಕ್ಕ ಆ ಬೀದಿಯ ಹನ್ನೆರಡು ಮನೆಗೂ ಹೋದಳು. ತಂಗಿಯ ಮನೆ ಕೊನೆಯದು.

"ನಮ್ಮನೇಲೂ ಸೊಳ್ಳೆ ಹಿಡಿಯೋಕೆ ಬಂದ್ಯೇನೇ ಅಕ್ಕ?" ತಂಗಿ ನಕ್ಕಳು.

"ಕುಡಿಯೋಕೆ ಒಂದು ಲೋಟ ನೀರು ಕೊಡು," ಎಂದಳು ಅವಳು.

ಹೇಳಿ ಮುಗಿಸುವಷ್ಟರಲ್ಲಿ ತಂಗಿಯ ಮುಖ ಸುಣ್ಣದ ಹಾಗಾಗಿತ್ತು.

"ನಿನಗೆ ಹೊಟ್ಟೆಕಿಚ್ಚು. ನಿನಗೆ ಗಂಡ ಇಲ್ಲ, ಮನೆ ಇಲ್ಲ ಅಂತ ನನ್ನದಕ್ಕೂ ಹುಳಿ ಹಿಂಡೋಕೆ ಬಂದಿದೀಯ."

"ಬೈಕೋ. ಇನ್ನೂ ಬೈಕೋ. ನಾಳೆ ಬಂದು ರಕ್ತ ಕೊಡು, ಸೂಜಿ ಹಾಕಿಸ್ಕೋ. ಅವರೂ ಹಾಕಿಸ್ಕೋಬೇಕು. ಹೊಟ್ಟೆಯಲ್ಲಿರೋದಕ್ಕೆ ಇನ್ನೂ ಟೈಮಿದೆ ಕಣೇ."

ತಂಗಿ ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು.

"ಬರ್ತೀನಿ. ಆದ್ರೆ ಇದಾದ ಮೇಲೆ ನೀನು ನನ್ನ ಹೊಸಿಲು ತುಳೀಬೇಡ. ನಿನ್ನ ಮುಖ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ."

"ಆಯ್ತು," ಎಂದಳು ಅಕ್ಕ, ಚೌಕಾಶಿ ಮಾಡದೆ. ಮೂರು ವಾರ, ಮೂರು ಸೂಜಿ. ಮೂರು ಸಲವೂ ಅವಳೇ ತಂಗಿಯ ಕೈ ಹಿಡಿದುಕೊಂಡಿದ್ದಳು. ಗಂಡ ಬೇರೆ ಊರಿಗೆ ಹೋಗಿ ಹಾಕಿಸಿಕೊಂಡು ಬಂದ.

ಹೆರಿಗೆಯ ದಿನ ಅಕ್ಕ ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದಳು. ಕೂಸಿನ ಅಳು ಕೇಳಿಸಿತು. ಗಟ್ಟಿ ಅಳು. ಅಷ್ಟು ಕೇಳಿಕೊಂಡು ಹದಿಮೂರನೇ ಕೋಣೆಗೆ ವಾಪಸು ಹೋದಳು.

*

ತಾಯಿ ಹೇಳಿ ಮುಗಿಸಿದಳು. ಪಿಸುಮಾತಿನಲ್ಲೇ ಹೇಳುತ್ತಿದ್ದೇನೆಂದುಕೊಂಡಿದ್ದಳು, ಆದರೆ ಅವಳಿಗೆ ಈಚೆಗೆ ಕಿವಿ ಮಂದ; ಅಂಥವರಿಗೆ ತಮ್ಮ ದನಿಯ ಎತ್ತರ ತಿಳಿಯುವುದಿಲ್ಲ. ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ಯಾರೂ ತಿರುಗಿ ನೋಡಲಿಲ್ಲ.

"ಅಪ್ಪ ಹೋಗಿ ಹತ್ತು ವರ್ಷ ಆಯ್ತು," ಎಂದಳು ಮಗಳು. "ಆಮೇಲಾದ್ರೂ ಯಾಕೆ ಕರೀಲಿಲ್ಲ?"

"ಮೊದಮೊದಲು ಸಿಟ್ಟು. ಆಮೇಲೆ ನಾಚಿಕೆ." ತಾಯಿ ಮುಚ್ಚಿದ ಬಾಗಿಲ ಕಡೆ ನೋಡಿದಳು. "ಆಮೇಲೆ ರೂಢಿಯಾಗಿಹೋಯ್ತು."

ಗುಮಾಸ್ತ ರಿಜಿಸ್ಟರು ಹಿಡಿದು ಬಂದ. "ಯಾರು ಸೈನ್ ಮಾಡ್ತೀರಿ? ಸತ್ತವರಿಗೆ ನೀವು ಏನಾಗ್ಬೇಕು?"

ಮಗಳು ಕೈ ಚಾಚುವ ಮೊದಲೇ ತಾಯಿ ಪೆನ್ನು ತೆಗೆದುಕೊಂಡಳು. "ನಮ್ಮಕ್ಕ," ಎಂದಳು.

ಅವಳು ಸಹಿ ಮಾಡುವಾಗ ಆ ನರೆಗೂದಲಿನ ಹೆಂಗಸು ಅಂಗಳದ ಆ ಕೊನೆಯಿಂದ ಬಂದು ಬೆಂಚಿನ ತುದಿಯಲ್ಲಿ ಕೂತಳು. ಯಾರ ಮುಖವನ್ನೂ ನೋಡಲಿಲ್ಲ.

"ನನಗೆ ಮೂರು ಮಕ್ಕಳು," ಎಂದಳು ನೆಲಕ್ಕೆ ಹೇಳುವವಳಂತೆ. "ಮೂರೂ ಚೆನ್ನಾಗಿದಾವೆ."

ತಾಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೆಂಗಸು ಎದ್ದು ತನ್ನ ಮೂಲೆಯ ಕಡೆ ನಡೆದಿದ್ದಳು.

ಎಲ್ಲ ಮುಗಿಯುವಾಗ ಬಿಸಿಲು ಇಳಿದಿತ್ತು. ತಾಯಿ-ಮಗಳು ಹೊರಗೆ ಬಂದರು. ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ಆ ಐದೂ ಜನ ಇದ್ದರು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು ನಿಂತಿದ್ದರು. ಅಲ್ಲಿಗೆ ಬರುವುದು ಒಂದೇ ನಂಬರಿನ ಬಸ್ಸು. ಅದು ಬಂತು, ಒಳಗೆ ಸೀಟುಗಳೆಲ್ಲ ಖಾಲಿ ಇದ್ದವು.

ನರೆಗೂದಲಿನ ಹೆಂಗಸು ಹತ್ತಿದಳು. ಉಳಿದ ನಾಲ್ವರು, ಅವಳಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ, ಬೇರೆಲ್ಲೋ ನೋಡುತ್ತ ನಿಂತರು. ಬಸ್ಸು ಹೊರಟಿತು. ಬೇಕರಿಯವನು ತೋಳಿನ ಹಿಟ್ಟು ಕೊಡವಿಕೊಂಡು, ಮುಂದಿನ ಬಸ್ಸು ಬರುವ ದಾರಿಯ ಕಡೆ ಕತ್ತು ಚಾಚಿದ.