ಹದಿನೈದನೆಯ ಹೆಸರು

ನಿತೇಶ್ ಮಾವ ಒಂದು ಮಾತು ಹೇಳಿದರೆ ಮುಗಿಯಿತು. ಮೋಕ್ಷಿತಾಳ ಮನೆಯಲ್ಲಿ ಕಾಲೇಜಿನ ವಿಷಯಕ್ಕೆ ಅದರ ಮೇಲೆ ಅಪೀಲಿಲ್ಲ. ಅಪ್ಪ ಹುಕ್ರಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಅಮ್ಮ ಪೂವಮ್ಮ ಐದಕ್ಕೆ. ಅಮ್ಮನ ಚಿಕ್ಕಮ್ಮನ ಮಗ ನಿತೇಶ್ ಮಾತ್ರ ಎಂಎಸ್ಸಿ ಮಾಡಿ ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಕೆಲಸ ಕಾಯಂ ಅಲ್ಲ, ಆದರೆ ಕೊರಳಲ್ಲಿ ಗುರುತಿನ ಚೀಟಿ ಇತ್ತು. ಇಡೀ ಕುಟುಂಬಕ್ಕೆ ಅವರೊಬ್ಬರೇ ಪ್ರಾಸ್ಪೆಕ್ಟಸ್. ಅಚ್ಚಾದ ಪ್ರಾಸ್ಪೆಕ್ಟಸ್ಸನ್ನು ಯಾರೂ ತೆರೆದು ನೋಡಲಿಲ್ಲ. ಮಾವ ಇರುವಾಗ ಅದೇಕೆ?

ಕಳೆದ ವರ್ಷ ಪಿಯುಸಿ ಫಲಿತಾಂಶ ಬಂದ ವಾರ, ಲಾಯಿಲದ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಾವ ಒಂದು ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಅವಳ ವಾರವನ್ನು ಬಿಡಿಸಿಟ್ಟಿದ್ದರು. ಸೋಮವಾರದಿಂದ ಶನಿವಾರ, ಒಂದೊಂದು ಪಿರಿಯಡ್ಡಿಗೂ ಒಂದೊಂದು ಮನೆ, ಬದಿಯಲ್ಲಿ ಬಸ್ಸಿನ ಸಮಯ. ಅವಳ ಊರು ಬೆಳ್ತಂಗಡಿಯಿಂದ ಇನ್ನೂ ಮೇಲೆ, ಗುಡ್ಡದ ಬುಡದಲ್ಲಿ. ಅಲ್ಲಿಗೆ ಕೊನೆಯ ಬಸ್ಸು ಬೆಳ್ತಂಗಡಿಯಿಂದ ಆರು ಗಂಟೆಗೆ.

"ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ತಗೊಂಡ್ರೆ ವಾರಕ್ಕೆ ಎರಡು ದಿವಸ ಐದು ಗಂಟೆವರೆಗೆ ಪ್ರಾಕ್ಟಿಕಲ್ ಉಂಟು. ಆರರ ಬಸ್ಸು ಹೇಗೆ ಸಿಗ್ತದೆ? ಸಿಕ್ಕಿದ್ರೂ ಓದುವುದು ಯಾವಾಗ? ಗಣಿತ ಒಂದೇ ಸಾಕು ಮನುಷ್ಯನನ್ನು ಸುಸ್ತು ಮಾಡ್ಲಿಕ್ಕೆ."

"ನನಗೆ ಫಿಸಿಕ್ಸ್ ಬೇಕು ಮಾವ. ಎಂಎಸ್ಸಿ ಅದರಲ್ಲೇ ಮಾಡ್ಬೇಕು ಅಂತ ಉಂಟು."

"ಬೇಡ ಅಂತ ಯಾರು ಹೇಳಿದ್ದು ಮಾರಾಯ್ತಿ? ಮೊದಲನೇ ವರ್ಷ ಹಗುರ ಮಾಡುವ. ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ತಗೋ, ನಾಲ್ಕಕ್ಕೆ ಬಿಡ್ತಾರೆ. ಎರಡನೇ ವರ್ಷ ಫಿಸಿಕ್ಸಿಗೆ ಬದಲಾಯಿಸುವ. ಬಿಟ್ಟುಹೋದ ಪೇಪರನ್ನು ನಾನೇ ಕೂತು ಕಲಿಸಿ ಪರೀಕ್ಷೆ ಕಟ್ಟಿಸ್ತೇನೆ. ನಾನಿಲ್ವ ಅಲ್ಲಿ?"

ಈ ಕೊನೆಯ ಎರಡು ಶಬ್ದಗಳನ್ನು ಕೇಳಿ ಪೂವಮ್ಮನ ಕಣ್ಣು ತುಂಬಿ ಬಂದಿತ್ತು. ಮೋಕ್ಷಿತಾ ಆ ಹಾಳೆಯನ್ನು ಮನೆಗೆ ತಂದು ಕನ್ನಡಿಯ ಪಕ್ಕ ಅಂಟಿಸಿದಳು.

ಹಾಳೆಯಲ್ಲಿದ್ದಂತೆಯೇ ಒಂದು ವರ್ಷ ನಡೆಯಿತು, ಅದನ್ನು ಇಲ್ಲವೆನ್ನುವಂತಿಲ್ಲ. ಬಸ್ಸು ಒಂದು ದಿನವೂ ತಪ್ಪಲಿಲ್ಲ, ಅಂಕಗಳು ತೊಂಬತ್ತರ ಮೇಲೆಯೇ ನಿಂತವು. ಫಿಸಿಕ್ಸ್ ಲ್ಯಾಬಿನ ಕಿಟಕಿಯ ಎದುರು ಹಾದುಹೋಗುವಾಗ ಮಾತ್ರ ಅವಳ ಕಾಲು ನಿಧಾನವಾಗುತ್ತಿತ್ತು. ಒಂದು ವರ್ಷ ತಾನೇ ಎಂದು ತನಗೇ ಹೇಳಿಕೊಂಡು ಮುಂದೆ ಹೋಗುತ್ತಿದ್ದಳು. ಸೀನಿಯರ್ ಒಬ್ಬಳಿಂದ ಹಳೆಯ ಭೌತಶಾಸ್ತ್ರದ ಪುಸ್ತಕ ತೆಗೆದುಕೊಂಡು, ವೇಣೂರು ದಾಟುವವರೆಗೆ ಬಸ್ಸಿನ ಸೀಟಿನಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಮಾವ ಕಲಿಸುತ್ತೇನೆಂದ ಪಾಠ ದಸರಾ ರಜೆಯಿಂದ ಕ್ರಿಸ್‌ಮಸ್ ರಜೆಗೆ, ಅಲ್ಲಿಂದ ಬೇಸಿಗೆ ರಜೆಗೆ ಹೋಗಿತ್ತು. ಮಾವನಿಗೆ ಪುರುಸೊತ್ತಿಲ್ಲ ಪಾಪ ಎಂದುಕೊಂಡಳು. ಪಾಪವಂತೆ!

ಈ ಜೂನ್‌ನಲ್ಲಿ ಹೊಸ ಮಕ್ಕಳ ದಾಖಲಾತಿ ಶುರುವಾದಾಗ ಮಾವ ಅವಳನ್ನು ಕರೆದರು. ಒಂದೊಂದು ವಿಭಾಗದವರೂ ಸಭಾಂಗಣದಲ್ಲಿ ಮೇಜು ಹಾಕಿ, ಚೆನ್ನಾಗಿ ಓದುವ ಇಬ್ಬರು ಮೂವರು ಹುಡುಗಿಯರಿಗೆ ಸೀರೆ ಉಡಿಸಿ ಕೂರಿಸುವುದು ಆ ಕಾಲೇಜಿನ ಕ್ರಮ. ಮೇಷ್ಟ್ರು ನೂರು ಹೇಳಿದರೂ ತಂದೆತಾಯಿ ನಂಬುವುದು ಸೀರೆ ಉಟ್ಟ ಹುಡುಗಿಯನ್ನು. ಮೋಕ್ಷಿತಾ ಅಮ್ಮನ ನೀಲಿ ಸೀರೆ ಉಟ್ಟು ಮಾವನ ವಿಭಾಗದ ಮೇಜಿನಲ್ಲಿ ಕುಳಿತಳು.

ದಾಖಲಾತಿಯ ಕೊನೆಯ ದಿನ ಹನ್ನೊಂದರ ಹೊತ್ತಿಗೆ ಬಂಟ್ವಾಳದ ನರಿಕೊಂಬಿನಿಂದ ಸಾತ್ವಿಕಾ ಎಂಬ ಹುಡುಗಿ ತಾಯಿ ವಿನೋದಾರ ಜೊತೆ ಬಂದಳು. ಹುಡುಗಿಯ ಮುಖದಲ್ಲೇ ಗೊಂದಲ. "ನನಗೆ ಫಿಸಿಕ್ಸ್ ಬಿಡ್ಲಿಕ್ಕೆ ಮನಸ್ಸಿಲ್ಲ ಅಕ್ಕ. ಆದ್ರೆ ಮೂರೂ ಒಟ್ಟಿಗೆ ಆಗ್ತದಾ ಅಂತ ಹೆದರಿಕೆ."

ಮಾವ ಮೋಕ್ಷಿತಾಳತ್ತ ನೋಡಿ ಮುಗುಳ್ನಕ್ಕರು. ಅವಳು ಮನಸ್ಸು ಬಿಚ್ಚಿ ಹೇಳಿದಳು. "ನಾನು ಸಹ ಹಾಗೇ ಹೆದರಿದ್ದೆ. ಮೊದಲನೇ ವರ್ಷ ಇದು ತಗೋ, ಆರಾಮ ಉಂಟು. ಎರಡನೇ ವರ್ಷ ಫಿಸಿಕ್ಸಿಗೆ ಹೋಗ್ಬಹುದು. ನಾನು ಇವತ್ತು ಮಧ್ಯಾಹ್ನ ಅದಕ್ಕೇ ಆಫೀಸಿಗೆ ಹೋಗುವುದು."

ಮಾವನ ಮುಗುಳ್ನಗು ಥಟ್ಟನೆ ಇಂಗಿತು. "ಅದೆಲ್ಲ ಈಗ ಬೇಡ, ಮೊದಲು ಸಹಿ ಹಾಕ್ಲಿ," ಎಂದು ಫಾರ್ಮನ್ನು ಮುಂದೆ ತಳ್ಳಿದರು. ಸಾತ್ವಿಕಾ ಸಹಿ ಹಾಕಿದಳು. ಫಾರ್ಮು ಕೈಗೆ ಬಂದದ್ದೇ ಮಾವ ಆಫೀಸಿಗೆ ಓಡಿದರು.

ಮಧ್ಯಾಹ್ನ ಆಫೀಸಿನ ಉಮ್ಮರಣ್ಣ ಅವಳ ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಎರಡನೇ ವರ್ಷದಲ್ಲಿ ವಿಷಯ ಬದಲಾಯಿಸ್ಲಿಕ್ಕೆ ಇಲ್ಲಮ್ಮ. ಸೇರಿದ ಹದಿನೈದು ದಿವಸದ ಒಳಗೆ ಮಾತ್ರ. ಫಿಸಿಕ್ಸ್ ಬೇಕಾದ್ರೆ ಪುನಃ ಮೊದಲನೇ ವರ್ಷಕ್ಕೇ ಸೇರ್ಬೇಕು. ಯಾರು ಹೇಳಿದ್ದು ನಿನಗೆ ಆಗ್ತದೆ ಅಂತ?"

"ನಿತೇಶ್ ಸರ್."

ಉಮ್ಮರಣ್ಣ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ರಿಜಿಸ್ಟರ್ ತೆರೆದು ಹಾಳೆ ತಿರುವಿದರು. "ಹದಿನೈದು ಮಕ್ಕಳು ಆಗದಿದ್ರೆ ಆ ಸಂಖ್ಯಾಶಾಸ್ತ್ರದ ಕಾಂಬಿನೇಶನನ್ನೇ ನಿಲ್ಲಿಸ್ತಾರೆ. ಹೋದ ವರ್ಷ ಹದಿನಾಲ್ಕಕ್ಕೆ ನಿಂತಿತ್ತು. ಕೊನೇ ದಿವಸ ಬಾಗಿಲು ಹಾಕುವ ಹೊತ್ತಿಗೆ ನಿನ್ನ ಫಾರ್ಮ್ ಹಿಡ್ಕೊಂಡು ಬಂದ್ರು, ನನಗೆ ನೆನಪುಂಟು. ಇಲ್ಲಿ ನೋಡು."

ಹದಿನೈದನೆಯ ಸಾಲಿನಲ್ಲಿ ಅವಳ ಹೆಸರಿತ್ತು. ಅದರ ಕೆಳಗೆ ಪುಟ ಖಾಲಿ.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಫಿಸಿಕ್ಸ್ ಇಲ್ಲದ ಡಿಗ್ರಿಗೆ ಫಿಸಿಕ್ಸ್ ಎಂಎಸ್ಸಿ ಇಲ್ಲ, ಅದು ಅವಳಿಗೆ ಗೊತ್ತು. ಮಾವನಿಗೂ ಗೊತ್ತಿತ್ತು. ಗೊತ್ತಿದ್ದೇ ಹಾಳೆಗೆ ಗೆರೆ ಎಳೆದಿದ್ದರು, ಗೊತ್ತಿದ್ದೇ ಅಮ್ಮನ ಕಣ್ಣು ತುಂಬಿದ್ದನ್ನು ನೋಡಿಕೊಂಡು ಕುಳಿತಿದ್ದರು. ಮತ್ತೆ ಮೊದಲನೇ ವರ್ಷಕ್ಕೆ ಸೇರುತ್ತೇನೆ ಎಂದರೆ ಅಪ್ಪ ಕೇಳುವುದು ಒಂದೇ ಮಾತು, ಮಾವ ಏನು ಹೇಳುತ್ತಾರೆ?

ಕಾರಿಡಾರಿನಲ್ಲೇ ಮಾವ ಸಿಕ್ಕಿದರು. ಅವಳ ಮುಖ ನೋಡಿದವರೇ ಗೋಡೆಯ ಬದಿಗೆ ಸರಿದು ತಗ್ಗಿದ ದನಿಯಲ್ಲಿ ಮಾತಾಡಿದರು.

"ನೋಡು, ಸೆಕ್ಷನ್ ಮುಚ್ಚಿದ್ರೆ ನನ್ನನ್ನು ಮನೆಗೆ ಕಳಿಸ್ತಾರೆ. ಹನ್ನೊಂದು ವರ್ಷ ಆಯ್ತು ನಾನು ಇಲ್ಲಿ. ನಿನಗೆ ನಷ್ಟ ಎಂಥದು ಆಯ್ತು? ತೊಂಬತ್ತೆರಡು ಬಂದಿಲ್ವ? ಸಂಖ್ಯಾಶಾಸ್ತ್ರದಲ್ಲೂ ಎಂಎಸ್ಸಿ ಉಂಟು."

"ಅವತ್ತೇ ಹೇಳ್ಬಹುದಿತ್ತಲ್ಲ ಮಾವ? ನನಗೆ ಒಂದು ಹೆಸರು ಬೇಕು ಅಂತ?"

"ಹೇಳಿದ್ರೆ ನೀನು ಸೇರ್ತಿದ್ದಿಯಾ?"

ಸೇರುತ್ತಿದ್ದಳೋ ಇಲ್ಲವೋ, ಅವಳಿಗೇ ತಿಳಿಯದು. ಕೇಳಿಯೇ ಇರಲಿಲ್ಲವಲ್ಲ. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ತಾನೆಷ್ಟು ಅಗ್ಗಕ್ಕೆ ಸಿಕ್ಕಿಬಿಟ್ಟೆ ಎಂದು. ಅಷ್ಟರಲ್ಲಿ ಸಾತ್ವಿಕಾಳ ನೆನಪಾಯಿತು. ಆ ಹುಡುಗಿಗೆ ಮಾವನ ಮಾತನ್ನು ಹೇಳಿದ್ದು ಮಾವನಲ್ಲ. ಸೀರೆ ಉಟ್ಟುಕೊಂಡು ತಾನೇ ಹೇಳಿದ್ದು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್‌ಸ್ಟ್ಯಾಂಡಿಗೆ ನಡೆದಳು, ಅರ್ಧ ದಾರಿ ಓಡಿದಳು. ಬಿ.ಸಿ.ರೋಡಿನ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ "ಸಿದ್ಧಕಟ್ಟೆ, ಬಂಟ್ವಾಳ" ಎಂದು ಕೂಗುತ್ತಿದ್ದ. ಫೀಸು ಕಟ್ಟಿ ಊಟ ಮುಗಿಸಿ ಬಂದ ತಾಯಿ ಮಗಳು ಕಿಟಕಿಯ ಪಕ್ಕ ಕುಳಿತಿದ್ದರು.

"ಆಂಟಿ, ಇಳೀರಿ. ನಾನು ಬೆಳಿಗ್ಗೆ ಹೇಳಿದ್ದು ಸುಳ್ಳು. ಎರಡನೇ ವರ್ಷ ಬದಲಾಯಿಸ್ಲಿಕ್ಕೆ ಆಗುದಿಲ್ಲ. ಫಿಸಿಕ್ಸ್ ಬೇಕಾದ್ರೆ ಈಗಲೇ ತಗೊಳ್ಬೇಕು."

ವಿನೋದಾ ಬಸ್ಸಿನಿಂದ ಇಳಿದದ್ದೇ ಅವಳ ಮೇಲೆ ಹರಿಹಾಯ್ದರು. "ಎಂಥ ಹುಡುಗಿ ನೀನು? ನಿನ್ನ ಮುಖ ನೋಡಿ ಅಲ್ವ ಸಹಿ ಹಾಕಿಸಿದ್ದು? ಮಕ್ಕಳ ಭವಿಷ್ಯ ಅಂದ್ರೆ ತಮಾಷೆಯಾ ನಿಮಗೆ?"

ಈ ಮಾತುಗಳನ್ನು ಮಾವನಿಗೆ ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಈಗ ತಾನೇ ಕೇಳಿಸಿಕೊಂಡು ನಿಂತಳು. "ನನಗೂ ಈಗಷ್ಟೇ ಗೊತ್ತಾದದ್ದು," ಎಂದಳು. ವಿನೋದಾ ನಂಬಿದಂತೆ ಕಾಣಲಿಲ್ಲ. ಆದರೂ ಮಗಳ ಕೈಹಿಡಿದು ಅವಳ ಜೊತೆ ಹಿಂದಕ್ಕೆ ನಡೆದರು.

ಮೂರೂವರೆಗೆ ಉಮ್ಮರಣ್ಣ ಹಳೆಯ ಫಾರ್ಮಿನ ಮೇಲೆ ಗೀಟು ಎಳೆದರು. ಹೊಸ ಫಾರ್ಮಿನಲ್ಲಿ ಸಾತ್ವಿಕಾ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಎಂದು ಬರೆದಳು. ಮೂರೂ ಒಟ್ಟಿಗೆ ಭಾರವಾಗದ ಹಾಗೆ ವಾರವನ್ನು ಹೇಗೆ ಹಂಚಿಕೊಳ್ಳುವುದು, ಯಾವ ದಿನ ಏನು ಓದುವುದು ಎಂದು ಮೋಕ್ಷಿತಾ ಅಲ್ಲೇ ನಿಂತು ಹೇಳಿಕೊಟ್ಟಳು. ತನಗಾಗಿ ಬಸ್ಸಿನಲ್ಲಿ ಎಷ್ಟೋ ಸಲ ಯೋಚಿಸಿಟ್ಟದ್ದು, ಹುಡುಕಬೇಕಾಗಲಿಲ್ಲ.

ಹೊರಗೆ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು. ದಾಖಲಾತಿ ಅಂದಿಗೆ ಮುಗಿಯುತ್ತಿತ್ತು.

"ಆ ಹುಡುಗಿ ಸೇರಿ ಹದಿನೈದು ಆಗಿತ್ತು ಮೋಕ್ಷಿ," ಎಂದರು. "ನಮ್ಮವಳು ಅಂತ ಮೇಜಿನಲ್ಲಿ ಕೂರಿಸಿದೆ. ನಿನ್ನನ್ನು ನಂಬಿದ್ದೆ."

"ನಾನೂ ನಂಬಿದ್ದೆ ಮಾವ."

ಅವಳು ನಾಲ್ಕರ ಬಸ್ಸಿಗೆ ಹೊರಟಳು. ನಾಳೆ ಒಂಬತ್ತಕ್ಕೆ ಎರಡನೇ ವರ್ಷದ ಮೊದಲ ತರಗತಿ, ಸಂಖ್ಯಾಶಾಸ್ತ್ರ. ಮಾವ ಒಳಗೆ ಬಂದಾಗ ಉಳಿದ ಹದಿನಾಲ್ಕು ಮಂದಿಯ ಜೊತೆ ಅವಳೂ ಎದ್ದು ನಿಂತು ಗುಡ್ ಮಾರ್ನಿಂಗ್ ಸರ್ ಎನ್ನಬೇಕು.